ಕುರ್ಚಿಯ ಪಕ್ಕಕ್ಕೊಂದು ದೀಪ

"ಇನ್ನೊಂಚೂರು ತಗ್ಗಿ ಕುಂದ್ರು," ಎಂದ ಪರಮೇಶಪ್ಪ.

ಬೆತ್ತದ ಕುರ್ಚಿಯಲ್ಲಿ ಕೂತಿದ್ದ ವಿದ್ಯಾ ತಲೆಯೆತ್ತಿ ಅಪ್ಪನನ್ನು ನೋಡಿದಳು. ಶಿಗ್ಗಾವಿಯ ಹೆದ್ದಾರಿ ಪಕ್ಕದ ಈ ದೀಪ-ಕುರ್ಚಿಗಳ ಅಂಗಡಿಗೆ ಬಂದಾಗಿನಿಂದ ಅವನು ಒಂದೊಂದೇ ಸ್ಟ್ಯಾಂಡ್ ದೀಪವನ್ನು ಅವಳ ಪಕ್ಕಕ್ಕೆ ತರಿಸಿ ಹಚ್ಚಿಸುತ್ತಿದ್ದ. ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ನೋಡಿ, ಬೇಡವೆಂದು ತಲೆಯಾಡಿಸುತ್ತಿದ್ದ. ಸವಣೂರಿನಲ್ಲಿ ವೀಳ್ಯದೆಲೆ ವ್ಯಾಪಾರ ಮಾಡುವ ಅಪ್ಪ ಎಲೆಯ ಕಟ್ಟನ್ನು ಬಿಟ್ಟು ಬೇರೆ ಯಾವ ವಸ್ತುವನ್ನೂ ಇಷ್ಟು ಹೊತ್ತು ತಿರುವಿ ನೋಡಿದ್ದನ್ನು ಅವಳು ಕಂಡಿರಲಿಲ್ಲ. ಮನೆಯ ಕುಕ್ಕರಿನಿಂದ ಹಿಡಿದು ಕಿಟಕಿಯ ಪರದೆಯವರೆಗೆ ಎಲ್ಲ ಆರಿಸಿದವಳು ಅವ್ವ. ಅವ್ವ ತೀರಿಕೊಂಡ ಮೇಲೆ ಆ ಕೆಲಸ ವಿದ್ಯಾಳದು.

"ನಾ ಯಾಕ ತಗ್ಗಬೇಕು? ಓದಾಂವ ನೀ."

"ಸುಮ್ನ ನೋಡಾಕತ್ತೇನಿ ಯವ್ವಾ."

ಓದುವುದಕ್ಕೆ ದೀಪ ಬೇಕು ಎಂದೇ ಅವನು ಅವಳನ್ನು ಹೊರಡಿಸಿದ್ದ. ಆ ಮಾತನ್ನು ಅವಳು ನಂಬಿರಲಿಲ್ಲ. ಬೆಳಿಗ್ಗೆ ಕಟ್ಟೆಯ ಬಿಸಿಲಿಗೆ ಕೂತು ಪೇಪರು ಮುಗಿಸಿದರೆ ಅಪ್ಪನ ಓದು ಅಲ್ಲಿಗೆ ಮುಗಿಯಿತು. ಆದರೆ ಈ ಮಳೆಗಾಲದಿಂದ ಅವನಲ್ಲಿ ಏನೋ ಬದಲಾಗಿತ್ತು. ತಾನೇ ಹಾಕಿಸಿದ ಪಡಸಾಲೆಯ ಟ್ಯೂಬ್‌ಲೈಟನ್ನು ಒಂದು ಸಂಜೆ ಆರಿಸಿ, "ಕಣ್ಣಿಗಿ ಚುಚ್ಚತೈತಿ" ಎಂದಿದ್ದ. ಅಷ್ಟು ವರ್ಷ ಚುಚ್ಚದ ಬೆಳಕು ಈಗ ಹೇಗೆ ಚುಚ್ಚಿತು? ಅದು ಅಪ್ಪನ ಮಾತಲ್ಲ, ಯಾರದೋ ಬಾಯಿಂದ ಬಂದದ್ದು ಎಂದು ಅವಳಿಗೆ ಆಗಲೇ ಅನಿಸಿತ್ತು. ಹಂಸಭಾವಿಯಲ್ಲಿ ಗಿರಾಕಿ ಸಿಕ್ಕಿದ್ದಾರೆಂದು ಮೇಲಿಂದ ಮೇಲೆ ಆ ಕಡೆ ಬಸ್ಸು ಹತ್ತುತ್ತಿದ್ದ. ವ್ಯಾಪಾರದಲ್ಲಿ ಅವನ ಜೊತೆಗಾರನಾದ ನಾಗಪ್ಪನನ್ನು ಅವಳು ಮಾತಿನ ಮಧ್ಯೆ ಕೇಳಿದ್ದಳು. "ಹಂಸಭಾವ್ಯಾಗ? ಆ ಕಡೆ ನಮ್ಮ ಎಲಿ ಹೋಗೂದಿಲ್ಲಲ್ಲವಾ," ಎಂದಿದ್ದ ಅವನು. ಅಂದಿನಿಂದ ಗೂಟಕ್ಕೆ ಹಾಕಿದ ಅಪ್ಪನ ಅಂಗಿಯನ್ನು ಒಗೆಯಲು ತೆಗೆದುಕೊಳ್ಳುವಾಗಲೆಲ್ಲ ಅವಳ ಕೈ ತಡೆಯುತ್ತಿತ್ತು. ಒಮ್ಮೆ ತೋಳಿಗೆ ಒಂದೆಳೆ ಕೆಂಪು ದಾರ ಅಂಟಿಕೊಂಡಿತ್ತು. ಯಾವ ಹೆಂಗಸಿನದೆಂದು ಕೇಳಲು ನಾಚಿಕೆಯಾಗಿ, ತಾನೇ ಕಳವು ಮಾಡಿದವಳಂತೆ ಅದನ್ನು ಒಲೆಗೆ ಹಾಕಿದ್ದಳು.

ಅಂಗಡಿ ನೋಡಿಕೊಳ್ಳುವ ನಿಖತ ಮತ್ತೊಂದು ದೀಪ ತಂದು ಕುರ್ಚಿಯ ಎಡಕ್ಕೆ ನಿಲ್ಲಿಸಿ ಹಚ್ಚಿದಳು. ಕಪ್ಪು ಕಂಬ, ಬಾಗುವ ಕುತ್ತಿಗೆ, ಬಟ್ಟೆಯ ಟೊಪ್ಪಿಗೆ.

"ಹಳದಿ ಬಲ್ಬ್ ಹಾಕ್ರಿ. ಬೆಳಕು ಕೈಮ್ಯಾಲ ಬೀಳಬೇಕು, ಕಣ್ಣಾಗ ಬೀಳಬಾರ್ದು," ಎಂದ ಪರಮೇಶಪ್ಪ.

ನಿಖತ ನಕ್ಕಳು. "ಯಜಮಾನ್ರ, ಅಕ್ಕಾರ್ನ ತಗ್ಗಿಸಿ ತಗ್ಗಿಸಿ ನೋಡೂದಕಿಂತ, ಯಾರ ಕುಂದ್ರತಾರ ಅವರನ್ನ ಕರ್ಕೊಂಡ ಬಂದಿದ್ರ ಚೊಲೋ ಆಗ್ತಿತ್ತಲ್ರಿ?"

ಅಪ್ಪ ಸ್ವಿಚ್ಚಿನ ವೈರನ್ನು ಬೆರಳಿಗೆ ಸುತ್ತುತ್ತ ನಿಂತ. ನಿಖತಳಿಗೆ ಏನು ತಿಳಿಯಿತೋ, ಬಲ್ಬು ತರುವ ನೆಪದಲ್ಲಿ ಒಳಗೆ ಹೋದಳು.

"ಯಾರದಾರ ಅಪ್ಪಾ?"

"ನೀಲಾಂಬಿಕಾ ಅಂತ. ಹಂಸಭಾವಿಯವರು. ಕೌದಿ ಹೊಲಿತಾರ." ಅವನು ಅವಳನ್ನು ನೋಡಲಿಲ್ಲ. "ನಿನಕಿಂತ ಗಿಡ್ಡ ಅದಾರ. ಗಂಡ ಹೋಗಿ ಭಾಳ ವರ್ಷ ಆತು. ಲಗ್ನ ಆಗೂಣು ಅಂತ ಅದೇವಿ. ನೀ ಹೂಂ ಅಂದ್ರ."

"ದೀಪಾ ಒಯ್ದ ಇಟ್ಟ ಮ್ಯಾಲ ನನ್ನ ಕೇಳಾಂವಿದ್ದ್ಯಾ?"

"ಹೇಳಾಕ ಬಾಯಿ ಬರಲಿಲ್ಲ. ದೀಪಾ ಮನಿಯಾಗ ಬಂದಿದ್ರ, ನೀನ ಕೇಳ್ತಿದ್ದಿ."

"ನಾಗಪ್ಪ ಕಾಕಾ ಮುಂದ ಸುಳ್ಳಾದೆಲ್ಲಪ್ಪಾ ನೀ! ಗಿರಾಕಿ ಅಂತ, ಎಲಿ ಅಂತ... ಎಲ್ಲಿ ಸಿಕ್ಕರು ನಿನಗ?"

ಪರಮೇಶಪ್ಪ ಬೆರಳಿಗೆ ಸುತ್ತಿದ್ದ ವೈರನ್ನು ಬಿಚ್ಚುತ್ತ ಹೇಳಿದ: "ನಿಮ್ಮವ್ವನ ಸೀರಿ ಕೌದಿ ಹೊಲಿಸಾಕ ಒಯ್ದಿದ್ನೆಲ್ಲ. ಹೊಲಿದವರು ಅವರ."

ವಿದ್ಯಾ ಎದ್ದು ಹೊರಗೆ ಬಂದಳು. ಹೆದ್ದಾರಿಯಲ್ಲಿ ಲಾರಿಗಳು ದೂಳೆಬ್ಬಿಸಿ ಹೋಗುತ್ತಿದ್ದವು. ದಿನಾ ಅವಳು ಹೊದ್ದು ಮಲಗುವ ಕೌದಿ ಅದು. ಅವ್ವನ ಇಳಕಲ್ ಸೀರೆಯ ಸೆರಗು ನಡುವೆ ಬರುವ ಹಾಗೆ ಇಟ್ಟಿದ್ದರು. ಹರಿದ ತುಂಡನ್ನೂ ಎಸೆಯದೆ ಅಂಚಿಗೆ ಕೂಡಿಸಿದ್ದರು. ಹೊಲಿದವರು ಯಾರೋ ಅವ್ವನನ್ನು ಕಂಡವರೇ ಇರಬೇಕೆಂದು ಅವಳು ಅಂದುಕೊಂಡಿದ್ದಳು. ನಿದ್ದೆ ಬಾರದಾಗ ಅದರ ಹೊಲಿಗೆಯ ಮೇಲೆ ಬೆರಳಾಡಿಸುತ್ತಿದ್ದಳು. ಸಿಟ್ಟು ಹೋಗಿರಲಿಲ್ಲ. ಆದರೆ ಇಷ್ಟು ತಿಂಗಳು ತಾನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಆ ಹೆಂಗಸಿನ ಮುಖ ಮಾತ್ರ ಎಷ್ಟು ನೆನೆದರೂ ಈಗ ನಿಲ್ಲುತ್ತಿರಲಿಲ್ಲ.

ಅವಳು ಒಳಗೆ ಬಂದಾಗ ಅಪ್ಪ ದೀಪ ಆರಿಸಿ, ವೈರು ಸುತ್ತಿಟ್ಟು, ಹೊರಡಲು ಸಿದ್ಧನಾಗಿ ನಿಂತಿದ್ದ.

"ಬ್ಯಾಡ ಬಿಡು ಯವ್ವಾ, ಹೋಗೂಣ."

"ನಾ ಇನ್ನೂ ಹೂಂ ಅಂದಿಲ್ಲ," ಎಂದಳು ವಿದ್ಯಾ. ವೈರು ಬಿಚ್ಚಿ, ಪ್ಲಗ್ಗು ಹಾಕಿ, ದೀಪ ಹಚ್ಚಿದಳು. ಕುರ್ಚಿಯ ಎಡಕ್ಕಿದ್ದ ಕಂಬವನ್ನು ಹಿಡಿದುಕೊಂಡು ಕೇಳಿದಳು: "ಅವರು ಸೂಜಿ ಯಾವ ಕೈಯಾಗ ಹಿಡಿತಾರ? ಹೊಲಿಯೂ ಕೈ ಕಡೆ ದೀಪಾ ಇಟ್ರ ನೆಳ್ಳ ಬೀಳತೈತಿ."

ಪರಮೇಶಪ್ಪ ಕಣ್ಣು ಮುಚ್ಚಿದ. ಎರಡೂ ಕೈಗಳನ್ನು ಎದೆಯ ಮಟ್ಟಕ್ಕೆ ತಂದ. ಬಲಗೈ ಬಟ್ಟೆ ಹಿಡಿದಂತೆ ನಿಂತಿತು. ಎಡಗೈಯ ಬೆರಳುಗಳು ಕೂಡಿ, ಚುಚ್ಚಿ, ಮೆಲ್ಲಗೆ ಮೇಲಕ್ಕೆ ಎಳೆದವು.

"ಎಡಗೈ," ಎಂದ.

ವಿದ್ಯಾ ದೀಪವನ್ನು ಎತ್ತಿ ಕುರ್ಚಿಯ ಬಲಗಡೆಗೆ ಇಟ್ಟಳು. ಅದರ ಕುತ್ತಿಗೆಯನ್ನು ಎರಡೂ ಕೈಯಿಂದ ಬಾಗಿಸಿ ತಿರುಗಿ ನೋಡಿದಳು. ಅಪ್ಪ ಇನ್ನೂ ಕಣ್ಣು ತೆರೆದಿರಲಿಲ್ಲ. ಎಳೆದ ದಾರ ಸಡಿಲಾಗಬಾರದೆಂಬಂತೆ ಅವನ ಎಡಗೈ ಗಾಳಿಯಲ್ಲೇ ನಿಂತಿತ್ತು.