ಹೊರಟವರ ಲೆಕ್ಕ

ಸುರಂಗದೊಳಗಿನ ಪ್ರಯೋಗಾಲಯದಲ್ಲಿ ನಾನು ಕ್ರೇನ್ ನಡೆಸುತ್ತಿದ್ದ ಕಾಲದ ಮಾತು. ನನ್ನ ಸೊಸೆ ಅಲ್ಲೇ ವಿಜ್ಞಾನಿ. ನ್ಯೂಟ್ರಿನೊ ಎಂಬ ಕಣಗಳು ದಾರಿಯಲ್ಲಿ ವೇಷ ಬದಲಿಸಿ, ಯಾವ ಯಂತ್ರದ ಕಣ್ಣಿಗೂ ಬೀಳದಂತಾಗುತ್ತವೆಯೇ ಎಂದು ಹುಡುಕುವುದು ಅವಳ ಕೆಲಸ. ನನ್ನ ತಲೆಗೂ ಹತ್ತಲಿ ಎಂದು ಒಮ್ಮೆ ಊಟಕ್ಕೆ ಕೂತಾಗ ಹೇಳಿದ್ದಳು:

"ಮದುವೆಗೆ ಅಂತ ಮನೆಯಿಂದ ಎಷ್ಟು ಜನ ಹೊರಟ್ರು ಅಂತ ಗೊತ್ತಿದ್ರೆ ತಾನೇ ಮಾವ, ದಾರೀಲಿ ಎಷ್ಟು ಜನ ತಪ್ಪಿಸ್ಕೊಂಡ್ರು ಅಂತ ಹೇಳೋಕಾಗೋದು?"

ಆ ಕಣಗಳು ಹೊರಡುವುದು ಒಂದು ಲೋಹದ ಮುದ್ದೆಯಿಂದ. ಅಣು ರಿಯಾಕ್ಟರಿನಲ್ಲಿ ತಯಾರಾದದ್ದು. ತಿಂಗಳಾಗುವಷ್ಟರಲ್ಲಿ ಅದರ ಬಲ ಅರ್ಧಕ್ಕಿಳಿಯುತ್ತದೆ. ಅದರ ಕಾವು ಅಳೆದರೆ ಎಷ್ಟು ಕಣ ಹೊರಡುತ್ತಿವೆ ಎಂದು ತಿಳಿಯುತ್ತದೆ. ಅದು ಬರುವ ಮುಂಚೆ, ಅಷ್ಟೇ ತೂಕದ ತಣ್ಣನೆಯ ಸೀಸದ ಮುದ್ದೆ ಇಟ್ಟುಕೊಂಡು ವಾರಗಟ್ಟಲೆ ಅಭ್ಯಾಸ ಮಾಡಿದ್ದೆವು.

ಅಸಲಿ ಮುದ್ದೆ ಬಂದ ದಿನ ದಪ್ಪ ಕವಚದ ಸಮೇತ ಅದನ್ನು ಎತ್ತಿ, ಕಾವು ಅಳೆಯುವ ಪಾತ್ರೆಯೊಳಕ್ಕೆ ಹೂವಿನಂತೆ ಇಳಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಕೆಲ ಹೊತ್ತು ಕಾದು ಸೊಸೆ ಪರದೆ ನೋಡಿದಳು. ಮುಖ ಬಿಳಿಚಿಕೊಂಡಿತು.

"ಕಾವು ಕಮ್ಮಿ ಇದೆ. ತುಂಬಾ ಕಮ್ಮಿ."

"ದಾರೀಲಿ ಚಳಿ ಹಿಡೀತೇನೋ," ಎಂದ ಫಿಟ್ಟರ್. ಸ್ಪ್ಯಾನರ್ ಎಂದೇ ಅವನನ್ನು ಕರೆಯುತ್ತಿದ್ದದ್ದು. ಯಾರೂ ನಗಲಿಲ್ಲ.

ಅವಳು ತಂತಿ ನೋಡಿದಳು, ನೀರಿನ ಕೊಳವೆ ನೋಡಿದಳು. ಅಂಕಿ ಮೇಲೇಳಲಿಲ್ಲ. ಇನ್ನೊಂದು ಮುದ್ದೆ ಮಾಡಿಕೊಡುವವರೂ ಇರಲಿಲ್ಲ. ನಾನು ಕ್ರೇನಿನಿಂದ ಇಳಿದು ಪಕ್ಕ ಹೋಗಿ ನಿಂತೆ.

"ಬಲ ಇಲ್ಲದ್ದನ್ನ ಕಳಿಸಿದ್ದಾರೆ ಮಾವ. ಇಷ್ಟು ವರ್ಷದ ಕೆಲಸ ಮಣ್ಣುಪಾಲು."

"ಕೂತ್ಕೋಮ್ಮ ಮೊದ್ಲು," ಎಂದೆ.

ಕೂತವಳು, ಎಲ್ಲರ ಎದುರು ಕಣ್ಣೀರು ಇಳಿಯಬಾರದೆಂದು ತಲೆ ಹಿಂದಕ್ಕೆ ವಾಲಿಸಿ ಮೇಲೆ ನೋಡಿದಳು. ನೋಡುತ್ತಲೇ ಇದ್ದಳು.

"ಸ್ಪ್ಯಾನರಣ್ಣಾ, ಅದೇನದು?"

ನಾವೆಲ್ಲ ಕತ್ತೆತ್ತಿದೆವು. ಪಾತ್ರೆಯ ಮುಚ್ಚಳ, ಅದನ್ನು ಎತ್ತಿಳಿಸುವ ಅವನ ಸರಪಳಿಯ ಕೊಕ್ಕೆಯಲ್ಲಿ ಬಾವಲಿಯಂತೆ ತೂಗುತ್ತಿತ್ತು! ತಣ್ಣನೆಯ ಸೀಸಕ್ಕೆ ಮುಚ್ಚಳ ಯಾಕೆಂದು ಅಭ್ಯಾಸದ ದಿನಗಳಲ್ಲೆಲ್ಲ ಅದನ್ನು ಅಲ್ಲೇ ಬಿಡುತ್ತಿದ್ದೆವು. ಅದೇ ರೂಢಿಯಲ್ಲಿ ಅವತ್ತೂ ಬಿಟ್ಟಿದ್ದೆವು. ಕಾವೆಲ್ಲ ಗಾಳಿಪಾಲಾಗುತ್ತಿತ್ತು.

"ಅಯ್ಯೋ ನನ್ನ ಬುದ್ಧಿಗಿಷ್ಟು!" ಎನ್ನುತ್ತ ಸ್ಪ್ಯಾನರ್ ಓಡಿದ.

ಮುಚ್ಚಳ ಕೂತಿತು. ಅಂಕಿ ಮೊದಲು ಮಿಸುಕಲೇ ಇಲ್ಲ. ಆಮೇಲೆ ನಿಧಾನಕ್ಕೆ ಏರತೊಡಗಿ, ಸಂಜೆಯಾಗುವಷ್ಟರಲ್ಲಿ ಇರಬೇಕಾದ ಕಡೆ ಬಂದು ನಿಂತಿತು. ಸೊಸೆ ಮೇಜಿಗೆ ಹಣೆಯಿಟ್ಟು ನಗತೊಡಗಿದಳು.

"ಹೊರಟೋರ ಲೆಕ್ಕ ಸಿಕ್ತಾ?" ಎಂದೆ.

"ಸಿಕ್ತು ಮಾವ. ತಪ್ಪಿಸ್ಕೊಂಡೋರು ಇದ್ದಾರೋ ಇಲ್ವೋ, ಹುಡುಕೋಕಂತೂ ಆಗುತ್ತೆ. ನಾಳೆ ಕಣ ಹಿಡಿಯೋ ತೊಟ್ಟಿಗೆ ಇಳಿಸೋಣ."

"ತೊಟ್ಟಿಗೂ ಒಂದು ಮುಚ್ಚಳ ಇದೆ ಕಣಮ್ಮ," ಎಂದ ಸ್ಪ್ಯಾನರ್. "ಈಗ್ಲೇ ಹೇಳಿಬಿಟ್ಟಿದೀನಿ."

ಮನೆಗೆ ಹೋಗುವಾಗ ಅವಳು ಬಸ್ಸಿನ ಕಿಟಕಿಗೆ ತಲೆಯಾನಿಸಿ ನಿದ್ದೆಹೋದಳು. ನಮ್ಮ ನಿಲ್ದಾಣ ಬಂತು. ಎಬ್ಬಿಸಲು ಮನಸ್ಸಾಗದೆ, ಮುಂದಿನದರಲ್ಲಿ ಇಳಿದರಾಯಿತೆಂದು ಸುಮ್ಮನೆ ಕೂತೆ.