ಡೆಲ್ಮರ್ ಕಾಡಿಲ್ ಅಟ್ಟಣೆ ಆರಿಸಿದ್ದು

ಈ ಕಥೆಯನ್ನು ನನಗೆ ಮೊದಲು ಹೇಳಿದವರು ಲೂಲಾ ಪ್ರೇಟರ್. ೧೯೯೩ರ ನವೆಂಬರ್ ತಿಂಗಳ ಎರಡನೆಯ ಶನಿವಾರ, ಓಹಾಯೋ ಸೀಮೆಯ ಆಗ್ನೇಯ ಗುಡ್ಡಗಳ ನಡುವಿನ ಸ್ಲೇಟ್ ರನ್ ಕಣಿವೆಯಲ್ಲಿ, ಅಗ್ನಿಶಾಮಕದವರ ಸಭಾಂಗಣದಲ್ಲಿ ವರ್ಷಕ್ಕೊಮ್ಮೆ ನಡೆಯುವ ಜಿಂಕೆ ಮಾಂಸದ ಊಟ ಮುಗಿದ ಮೇಲೆ. ಲೂಲಾ ಹತ್ತೊಂಬತ್ತು ವರ್ಷ ಐಡಾಬೆಲ್ ಸ್ಕಾಗ್ಸ್ ಅವರ ಅಂಗಡಿಯ ಬಾಗಿಲಲ್ಲಿ ಕುಳಿತು, ಬೇಟೆಗಾರರು ತಂದ ಜಿಂಕೆಗಳ ಕಿವಿಗೆ ಸರ್ಕಾರದ ತಗಡಿನ ಬಿಲ್ಲೆ ಚುಚ್ಚಿದವರು. ಇದೇ ಕಥೆಯನ್ನು ಆಮೇಲೆ ಇನ್ನಿಬ್ಬರಿಂದ ಕೇಳಿದ್ದೇನೆ. ಒಬ್ಬರ ಲೆಕ್ಕದಲ್ಲಿ ಡೆಲ್ಮರ್ ಹೊತ್ತು ಬಿಟ್ಟ ಅಟ್ಟಣೆಗಳು ನಾಲ್ಕು, ಇನ್ನೊಬ್ಬರದರಲ್ಲಿ ಐದು. ಈ ಮೂವರಲ್ಲಿ ಆ ದಿನ ಕಣ್ಣಾರೆ ನೋಡುತ್ತ ನಿಂತಿದ್ದವರು ಲೂಲಾ ಒಬ್ಬರೇ ಆದ್ದರಿಂದ, ಅವರು ಹೇಳಿದ ಮೂರನ್ನೇ ಉಳಿಸಿಕೊಂಡಿದ್ದೇನೆ.

ಡೆಲ್ಮರ್ ಕಾಡಿಲ್ ಇಟ್ಟಿಗೆ ಗೂಡಿನಲ್ಲಿ ದುಡಿಯುತ್ತಿದ್ದ, ಎಲೆ ಕೆಂಪಾಗತೊಡಗಿದರೆ ಮನೆಯಲ್ಲಿ ನಿಲ್ಲಲಾರದ ಬಿಲ್ಲುಗಾರ. ಅವನ ಅಟ್ಟಣೆಯನ್ನು ಮಾಡಿಕೊಟ್ಟವನು ಹೋಬಾರ್ಟ್ ಫ್ಯಾನಿನ್. ಹೋಬಾರ್ಟ್ ಬೆಸುಗೆಯ ಕೆಲಸದವನು. ಬೆನ್ನಿಗೇರಿಸಿಕೊಂಡು ಕಾಡಿಗೆ ಒಯ್ಯುವ, ಮರ ಹತ್ತುವ ಅಟ್ಟಣೆಗಳನ್ನು ಆಯಾ ಬೇಟೆಗಾರನ ಮೈಯಳತೆ ನೋಡಿ ಮಾಡುತ್ತಿದ್ದ. ಅಂಥ ಅಟ್ಟಣೆಗೆ ಎರಡು ತುಂಡು. ಮೇಲಿನದು ಕೂರಲು, ಕೆಳಗಿನದು ಕಾಲಿಡಲು. ಎರಡರ ಪಟ್ಟೆಗಳೂ ಕಾಂಡವನ್ನು ಸುತ್ತಿರುತ್ತವೆ, ಎರಡರ ಕಬ್ಬಿಣದ ಹಲ್ಲುಗಳೂ ಮೈಭಾರಕ್ಕೆ ತೊಗಟೆ ಕಚ್ಚಿರುತ್ತವೆ. ಬೇಟೆಗಾರ ಕೂತು ಕಾಲಿನ ತುಂಡನ್ನು ಮೇಲೆಳೆದುಕೊಂಡು, ನಿಂತು ಕೂರುವ ತುಂಡನ್ನು ಮೇಲೆತ್ತಿ, ಕಂಬಳಿಹುಳುವಿನಂತೆ ಮರವೇರುತ್ತಾನೆ. ಎರಡು ತುಂಡುಗಳ ನಡುವೆ ಒಂದು ಹುರಿ ಕಟ್ಟಬೇಕು. ಭಾರ ತಪ್ಪಿ ಕಾಲಿನ ತುಂಡು ಕಳಚಿಕೊಂಡರೆ ಅದು ನೆಲಕ್ಕೆ ಹೋಗದಂತೆ ಆ ಹುರಿ ಹಿಡಿಯುತ್ತದೆ.

ಅಕ್ಟೋಬರಿನ ಒಂದು ಬೆಳಗ್ಗೆ ಡೆಲ್ಮರ್ ಆ ಹುರಿಯನ್ನು ಕಟ್ಟಲಿಲ್ಲ. ಬೂಟಿಗೆ ಸಿಕ್ಕಿಕೊಳ್ಳುತ್ತದೆ, ಹೊತ್ತು ಹಿಡಿಯುತ್ತದೆ ಎಂದು ಅವನ ಬೇಸರ. ಹದಿನೆಂಟು ಅಡಿ ಮೇಲೆ ಕೂತು, ಬೆನ್ನ ಹಿಂದೆ ಎಲೆ ಸರಕ್ಕೆಂದಿತೆಂದು ಕಾಲೆತ್ತಿ ತಿರುಗಿದ. ಕಾಲಡಿಯ ತುಂಡು ಕಾಂಡದುದ್ದಕ್ಕೂ ಕಿರ್ರೆಂದು ಜಾರಿ ಬುಡ ಸೇರಿತು. ಡೆಲ್ಮರ್ ಮರವನ್ನು ತಬ್ಬಿ ಅರ್ಧ ದಿನ ಕೂತ. ಗಂಟಲು ಬತ್ತುವವರೆಗೆ ಕೂಗಿದ. ಮಧ್ಯಾಹ್ನ ಊಟಕ್ಕೆ ಬರಲಿಲ್ಲವೆಂದು ಅವನ ಹೆಂಡತಿ ಓಪಲ್ ಹೋಬಾರ್ಟನಿಗೆ ಹೇಳಿಕಳಿಸಿದಳು. ಅವನು ಹೆಸರು ಹಿಡಿದು ಕೂಗುತ್ತ ಗುಡ್ಡವೇರಿ ಬರುವ ಹೊತ್ತಿಗೆ, ತೋಳು ಸೋತಿದ್ದ ಡೆಲ್ಮರ್ ತಾನೇ ಇಳಿಯಲು ಹೋಗಿ ಕೊನೆಯ ಎಂಟು ಅಡಿ ಬಿದ್ದು ಹಿಮ್ಮಡಿ ಮುರಿದುಕೊಂಡಿದ್ದ. ಹೋಬಾರ್ಟ್ ಅವನನ್ನು ಜಿಂಕೆ ಎಳೆಯುವ ಜಾರುಬಂಡಿಯ ಮೇಲೆ ಮಲಗಿಸಿ, ಒಂದೂವರೆ ಮೈಲಿ ಎಳೆದು ರಸ್ತೆಗೆ ತಂದ.

ಆಸ್ಪತ್ರೆಯಲ್ಲಿ ಓಪಲ್ ಏನಾಯಿತೆಂದು ಕೇಳಿದಾಗ, ಗಂಡನ ಬಾಯಿಂದ ಬಂದ ಮೊದಲ ಮಾತು: "ಅಟ್ಟಣೆ ಕೈಕೊಡ್ತು."

ಹೆಂಡತಿಯ ಮುಖ ನೋಡಲಾಗದೆ ಆಡಿದ ಮಾತು ಅದು. ಆದರೆ ಅದು ಅವನಿಗಿಂತ ಮೊದಲೇ ಆಸ್ಪತ್ರೆಯಿಂದ ಊರಿಗೆ ಬಂತು. ಹೋಬಾರ್ಟ್ ಮಾಡಿದ್ದ ಆರು ಅಟ್ಟಣೆಗಳು ಒಂದು ವಾರದಲ್ಲಿ ಅವನ ಬೇಲಿಗೆ ಒರಗಿ ನಿಂತವು. ತಂದವರು ಯಾರೂ ಬಾಗಿಲು ತಟ್ಟಲಿಲ್ಲ. ಹೋಬಾರ್ಟನೂ ಏನೂ ಹೇಳಲಿಲ್ಲ.

ಮರುವರ್ಷ ಸೆಪ್ಟೆಂಬರಿನಲ್ಲಿ ಡೆಲ್ಮರ್ ಕುಂಟುತ್ತ ಐಡಾಬೆಲ್ ಅಂಗಡಿಗೆ ಬಂದ. ಓಪಲ್ ಜೊತೆಗಿದ್ದಳು. ಐಡಾಬೆಲ್‌ಗೆ ಆಗ ಎಪ್ಪತ್ತು ದಾಟಿತ್ತು. ಕಣಿವೆಯವರಿಗೆಲ್ಲ ಅವರು ಅತ್ತೆ.

"ಬಾರೋ ಡೆಲ್ಮರ್. ಹಿಮ್ಮಡಿ ಹೇಗಿದೆ?"

"ಮಳೆ ಬರೋದನ್ನ ಮುಂಚೆನೇ ಹೇಳತ್ತೆ ಅತ್ತೆ. ರೇಡಿಯೋಗಿಂತ ವಾಸಿ."

"ಏನು ಬೇಕು?"

"ಒಂದು ಅಟ್ಟಣೆ. ಹಗುರವಾಗಿರ್ಬೇಕು. ಈ ಕಾಲಲ್ಲಿ ಗುಡ್ಡ ಹತ್ಬೇಕಲ್ಲ."

"ಹಗುರ ಗಿಗುರ ಆಮೇಲೆ," ಎಂದಳು ಓಪಲ್. "ಬೀಳದೇ ಇರೋದು ಕೊಡಿ ಅತ್ತೆ. ನೀವು ಆರಿಸಿ, ಇದು ಸರಿ ಅಂದ್ರೆ ಮಾತ್ರ ಇವನು ಮರ ಹತ್ತೋದು. ಇಲ್ಲಾಂದ್ರೆ ಬಿಲ್ಲನ್ನ ಹಟ್ಟಿಲಿ ನೇತುಹಾಕಿ ನೆಲದ ಮೇಲೆ ಕೂತು ಅಳಿಲು ಎಣಿಸ್ಲಿ. ಸಾಯೋವರೆಗೂ."

ಡೆಲ್ಮರ್ ನಗಲಿಲ್ಲ. ಓಪಲ್ ಒಮ್ಮೆ ಆಡಿದ ಮಾತನ್ನು ಹಿಂತೆಗೆದುಕೊಂಡವಳಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಐಡಾಬೆಲ್‌ಗೆ ಅಟ್ಟಣೆ ಕೊಡುವುದರಲ್ಲಿ ಒಂದು ಪದ್ಧತಿಯಿತ್ತು. ಹಿಂದೆ ಹೇಗೆ ಬಿದ್ದೆ ಎಂದು ಕೇಳಿ, ಬಿದ್ದ ಬಗೆಗೆ ತಕ್ಕ ಅಟ್ಟಣೆ ತೆಗೆಯುವರು. ತೆಗೆದುಕೊಳ್ಳುವವನು ಅದನ್ನು ಬೆನ್ನಿಗೇರಿಸಿ, ರಸ್ತೆಯಿಳಿದು ಹಳ್ಳದ ಸೇತುವೆ ಮುಟ್ಟಿ ಬರಬೇಕು. ಹೊತ್ತು ತಂದರೆ ಅವನದು.

"ಹೇಳು, ಹೇಗೆ ಬಿದ್ದೆ?"

ಒಲೆಯ ಸುತ್ತ ಕೂತಿದ್ದ ನಾಲ್ಕೈದು ಮಂದಿ ಕಾಫಿ ಲೋಟ ಕೆಳಗಿಟ್ಟರು.

"ಹಲ್ಲು ತೊಗಟೆ ಕಚ್ಚಲಿಲ್ಲ ಅತ್ತೆ, ಜಾರ್ತು," ಎಂದ ಡೆಲ್ಮರ್.

"ಹಾಗಾದ್ರೆ ಉದ್ದ ಹಲ್ಲಿಂದು ಬೇಕು." ಐಡಾಬೆಲ್ ಗೋಡೆಯಿಂದ ಒಂದನ್ನು ಇಳಿಸಿದರು. ಅದು ಅವನ ಹಳೆಯದಕ್ಕಿಂತ ತುಸು ಭಾರ. ಡೆಲ್ಮರ್ ಸೇತುವೆ ಮುಟ್ಟಿ, ಹಣೆಯೊರೆಸಿಕೊಳ್ಳುತ್ತ ಬಂದ.

"ಇದೇ ಸಾಕು ಅತ್ತೆ."

"ತಡಿ. ಯೋಚನೆ ಮಾಡಿದೆ. ಹಲ್ಲು ಜಾರಿದ್ರೆ ಒಂದು ಗೇಣು ಜಾರತ್ತೆ, ಆಮೇಲೆ ಕಚ್ಕೊಳತ್ತೆ. ನಿನ್ನದು ಬುಡದವರೆಗೂ ಹೋಯ್ತಂತಲ್ಲ?"

"ಪಟ್ಟೆನೂ... ಪಟ್ಟೆನೂ ಬಿಟ್ಕೊಳ್ತು."

"ಅದನ್ನ ಮೊದ್ಲೇ ಹೇಳ್ಬಾರ್ದಾ? ಹಾಗಾದ್ರೆ ಪಟ್ಟೆ ಬದ್ಲು ಸರಪಳಿ ಇರೋದು ಬೇಕು."

ಎರಡನೆಯದರ ಸರಪಳಿಯನ್ನು ಎತ್ತುವಾಗಲೇ ಡೆಲ್ಮರನ ಕುತ್ತಿಗೆ ನರ ಉಬ್ಬಿತು. ಎಸ್ಟಿಲ್ ಎಂಬ ಮರಕಡಿಯುವವನು ಒಲೆಯ ಪಕ್ಕದಿಂದ ಕೂಗಿದ: "ಜಿಂಕೆಗಳಿಗೆ ಮೊದ್ಲೇ ಕಾಗದ ಬರೆದುಬಿಡು ಮಾರಾಯ, ಗಂಟೆ ಬಾರಿಸ್ಕೊಂಡು ಬರ್ತಿದೀನಿ ಅಂತ!"

ಸರಪಳಿ ಝಣಝಣ ಎನ್ನುತ್ತ ಅವನು ಸೇತುವೆಗೆ ಹೋಗಿಬರುವ ಹೊತ್ತಿಗೆ ಎರಡು ಲೋಟ ಕಾಫಿ ಮುಗಿದಿತ್ತು. ಐಡಾಬೆಲ್ ಮತ್ತೆ ತಲೆಯಾಡಿಸಿದರು.

"ಇಲ್ಲ ಕಣೋ, ನನಗೆ ಸಮಾಧಾನ ಆಗ್ತಿಲ್ಲ. ಪಟ್ಟೆ ಬಿಟ್ಕೊಂಡ್ರೆ ತುಂಡು ಮರದಿಂದ ಕಳಚಿ ಆಚೆ ಬೀಳತ್ತೆ. ನಿನ್ನದು ಕಾಂಡ ತಬ್ಬಿಕೊಂಡೇ ಬುಡದಲ್ಲಿತ್ತು ಅಂತ ಕೇಳಿದೀನಿ."

ಡೆಲ್ಮರ್ ಓಪಲ್ ಕಡೆ ನೋಡಿದ. ಅವಳು ಅವನನ್ನೇ ನೋಡುತ್ತಿದ್ದಳು.

"ಬೆಸುಗೆನೇ ಬಿಟ್ಟಿತ್ತು ಅತ್ತೆ," ಎಂದುಬಿಟ್ಟ.

ಲೂಲಾ ಇಲ್ಲಿ ಕಥೆ ನಿಲ್ಲಿಸಿ ಹೇಳಿದ ಮಾತನ್ನು ಹಾಗೇ ಬರೆಯುತ್ತೇನೆ: "ಹಲ್ಲು, ಪಟ್ಟೆ ಅಂದಾಗ ಅವನು ಕಬ್ಬಿಣನ ಬೈದಿದ್ದ. ಬೆಸುಗೆ ಅಂದಾಗ ಮನುಷ್ಯನ್ನ ಬೈದ. ಅದು ಅವನಿಗೂ ಗೊತ್ತಾಯ್ತು. ಕಿವಿ ಕೆಂಪಗಾಯ್ತು."

ಐಡಾಬೆಲ್ ಹಿಂದಿನ ಕೋಣೆಯಿಂದ ಮೂರನೆಯದನ್ನು ಇಬ್ಬರ ಕೈಯಲ್ಲಿ ಹೊರಿಸಿ ತರಿಸಿದರು. ಎಲ್ಲ ಮೂಲೆಗೂ ಎರಡೆರಡು ಬೆಸುಗೆ, ಅಡಿಗೆ ದಪ್ಪ ಕಬ್ಬಿಣದ ಪಟ್ಟಿ. ಯಾರೋ ದಢೂತಿ ಆಸಾಮಿಗೆಂದು ಹಿಂದೆಂದೋ ಮಾಡಿಸಿ, ಅವನೂ ಬೇಡವೆಂದು ಬಿಟ್ಟುಹೋದದ್ದು.

"ಈ ಸಲ ಬೀಳಲ್ಲ," ಎಂದರು. "ಹೋಗ್ಬಾ."

"ಬೀಳೋಕೆ ಮೊದ್ಲು ಹತ್ಬೇಕಲ್ಲ!" ಎಂದು ಎಸ್ಟಿಲ್ ತೊಡೆ ತಟ್ಟಿ ನಕ್ಕ.

ಡೆಲ್ಮರ್ ಸೇತುವೆಯವರೆಗೆ ಹೋದ. ತಿರುಗಿದ. ಏರು ಶುರುವಾಗುವಲ್ಲಿ ಹಿಮ್ಮಡಿ ಮಾತು ಕೇಳಲಿಲ್ಲ. ಅಟ್ಟಣೆಯ ಸಮೇತ ರಸ್ತೆಯಂಚಿಗೆ ಕುಸಿದು, ಮಗುಚಿದ ಆಮೆಯಂತೆ ಮೇಲೇಳಲಾರದೆ ಕೂತ. ಅಂಗಡಿಯ ಕಿಟಕಿಯಲ್ಲಿ ಎಲ್ಲರೂ ನೋಡುತ್ತಿದ್ದರು. ಅಷ್ಟರಲ್ಲಿ ಸೇತುವೆಯ ಆಚೆಯಿಂದ ಒಂದು ಟ್ರಕ್ಕು ಬಂದು ಅವನ ಪಕ್ಕ ನಿಂತಿತು. ಇಳಿದವನು ಹೋಬಾರ್ಟ್. ಅಂಗಡಿಗೆ ಮೊಳೆ ಕೊಳ್ಳಲು ಬರುತ್ತಿದ್ದವನು. ಅವನು ಡೆಲ್ಮರನ ಹೆಗಲಿಂದ ಪಟ್ಟಿಗಳನ್ನು ಬಿಡಿಸಿದ. ಅಟ್ಟಣೆಯನ್ನು ಟ್ರಕ್ಕಿಗೆ ಹಾಕಿದ. ಕಂಕುಳಡಿ ಕೈಕೊಟ್ಟು ಎಬ್ಬಿಸಿ, ಕಾಲು ನೋಯದಂತೆ ಓರೆಯಾಗಿ ಕೂರಿಸಿ, ಅಂಗಡಿಗೆ ಕರೆತಂದ.

ಒಳಗೆ ಬಂದು ಆ ಭಾರವನ್ನು ನೆಲಕ್ಕಿಳಿಸಿದ ಹೋಬಾರ್ಟ್ ಕೇಳಿದ್ದು ಒಂದೇ ಮಾತು: "ಕುಂಟುಕಾಲಿನವನಿಗೆ ಇದನ್ನ ಯಾರು ಆರಿಸಿದ್ದು?"

"ಅವನೇ," ಎಂದರು ಐಡಾಬೆಲ್. ಆಮೇಲೆ ಡೆಲ್ಮರನ ಕಡೆ ತಿರುಗಿ, ಮೊದಲಿನಷ್ಟೇ ಮೆಲ್ಲಗೆ ಕೇಳಿದರು: "ಹೇಗೆ ಬಿದ್ದೆ ಮಗಾ?"

ಡೆಲ್ಮರ್ ಟೋಪಿ ತೆಗೆದ.

"ಹುರಿ ಕಟ್ಟಿರಲಿಲ್ಲ."

ಟೋಪಿಯನ್ನು ಕೈಯಲ್ಲಿ ಹಿಡಿದೇ ಅವನು ಮುಂದುವರಿಸಿದ.

"ಹೋಬಾರ್ಟ್ ಹುರಿ ಕೊಟ್ಟಿದ್ದ, ಗಂಟು ಹಾಕೋದನ್ನೂ ತೋರಿಸಿದ್ದ. ನಾನೇ ಕಟ್ಲಿಲ್ಲ. ಕಾಲೆತ್ತಿದೆ, ಕೆಳಗಿಂದು ಹೋಯ್ತು. ಅಟ್ಟಣೆದು ಏನೂ ತಪ್ಪಿಲ್ಲ. ಹಲ್ಲೂ ಇಲ್ಲ, ಪಟ್ಟೆನೂ ಇಲ್ಲ, ಬೆಸುಗೆ... ಬೆಸುಗೆ ಇನ್ನೂ ಹಾಗೇ ಇದೆ." ಅವನು ಹೋಬಾರ್ಟನ ಕಡೆ ತಿರುಗಿದ. "ಅವತ್ತು ಮರದ ಮೇಲೆ ಕೂತು, ಇನ್ನು ಯಾರೂ ಬರಲ್ಲ ಅಂದ್ಕೊಂಡಿದ್ದೆ. ನೀನು ನನ್ನ ಹೆಸರು ಕೂಗ್ತಾ ಬಂದೆ. ಆ ಕೂಗು ಇವತ್ತೂ ಕೇಳತ್ತೆ ಕಣೋ. ದಿನಾ ಕೇಳತ್ತೆ. ಅದಕ್ಕೆ ಒಂದು ಮಾತು ಹೇಳೋಕೆ ಬಾಯಿ ಬರಲಿಲ್ಲ. ಹೇಳಿದ್ರೆ ಇದನ್ನೂ ಹೇಳ್ಬೇಕಿತ್ತಲ್ಲ."

ಹೋಬಾರ್ಟ್ ಗಲ್ಲ ಕೆರೆದುಕೊಂಡ. "ಒಂದು ವರ್ಷ ತಗೊಂಡೆ. ಜಾರುಬಂಡಿಲಿ ನಿನ್ನ ಎಳ್ಕೊಂಡು ಬಂದಿದ್ದು ಎರಡೇ ಗಂಟೆ."

"ನಿಮಗೆ ಗೊತ್ತಿತ್ತಾ?" ಓಪಲ್ ಕೇಳಿದಳು. "ಮತ್ತೆ ಯಾಕೆ ಹೇಳ್ಲಿಲ್ಲ ಹೋಬಾರ್ಟಣ್ಣ?"

"ಬುಡದಲ್ಲಿ ಬಿದ್ದಿದ್ದ ತುಂಡಲ್ಲಿ ಹುರಿ ಇರ್ಲಿಲ್ಲ, ಅವತ್ತೇ ನೋಡಿದೆ. ನಾನು ಹೇಳಿದ್ರೆ, ಮಾಡಿದವನು ತನ್ನ ಮಾಲು ಬಿಟ್ಟುಕೊಡ್ತಾನಾ ಅಂತಿದ್ರು. ಕಬ್ಬಿಣ ಬಿಟ್ಕೊಂಡ್ರೆ ಬೆಸುಗೆ ಹಾಕ್ತೀನಮ್ಮ. ಇನ್ನೊಬ್ರ ಬಾಯಿಗೆ ಹಾಕೋಕೆ ನನಗೆ ಬರಲ್ಲ."

ಓಪಲ್ ಕಿಟಕಿಯ ಕಡೆ ತಿರುಗಿದಳು. ಡೆಲ್ಮರ್ ಟೋಪಿಯ ಅಂಚನ್ನು ಸುತ್ತಿಸುತ್ತ ನಿಂತಿದ್ದ. ಬಿಲ್ಲು ಹಟ್ಟಿಗೆ ಹೋಯಿತೆಂದೇ ಅವನು ಅಂದುಕೊಂಡಿದ್ದನಂತೆ.

"ವರ್ಷವಿಡೀ ಆ ಹಿಮ್ಮಡಿಗೆ ಎಣ್ಣೆ ತಿಕ್ಕಿದೀನಿ ನಾನು," ಎಂದಳು ಕೊನೆಗೆ. "ಒಂದು ದಿನ ಹೇಳ್ಬಹುದಿತ್ತು." ಮತ್ತೆ ಐಡಾಬೆಲ್ ಕಡೆ ತಿರುಗಿ, "ಅತ್ತೆ, ಹೋಬಾರ್ಟಣ್ಣ ಮಾಡಿದ್ದು ಒಂದಿದ್ರೆ ತೆಗೀರಿ. ಇವತ್ತೇ ಆರಿಸಿಬಿಡೋಣ. ಇವನು ನಿಜ ಹೇಳೋ ದಿನ ಮತ್ತೆ ಯಾವಾಗ ಬರತ್ತೋ."

ಒಲೆಯ ಬಳಿ ಮೊದಲು ನಕ್ಕವನು ಹೋಬಾರ್ಟನೇ.

ಹೋಬಾರ್ಟನ ಕೈಯದು ಅಂಗಡಿಯಲ್ಲಿ ಒಂದೇ ಉಳಿದಿತ್ತು. ಅಲ್ಲಿದ್ದ ಎಲ್ಲದಕ್ಕಿಂತ ಹಗುರ. ಡೆಲ್ಮರ್ ಅದನ್ನು ಹೊತ್ತು ಸೇತುವೆ ಮುಟ್ಟಿಬಂದ. ಈ ಸಲ ಯಾರೂ ಕಿಟಕಿಗೆ ಬರಲಿಲ್ಲ. ಆಮೇಲೆ ಎಲ್ಲರೂ ಅಂಗಡಿಯ ಹಿಂದಿನ ನೆಟ್ಟನೆಯ ಟ್ಯೂಲಿಪ್ ಮರದ ಬಳಿಗೆ ಹೋದರು. ಹೋಬಾರ್ಟ್ ಮಂಡಿಯೂರಿ ಕಾಲಿನ ತುಂಡಿನ ಪಟ್ಟೆ ಬಿಗಿದ. "ಬುಡದಲ್ಲಿ ಇದರ ಮೂಗು, ಈ ಮುಂದಿನ ಅಂಚು, ಸ್ವಲ್ಪ ಮೇಲಕ್ಕಿರ್ಲಿ. ಮರ ಮೇಲಕ್ಕೆ ಹೋದಷ್ಟೂ ಸಣ್ಣ ಆಗತ್ತೆ. ಕೂರೋ ಜಾಗಕ್ಕೆ ಹೋಗೋಷ್ಟ್ರಲ್ಲಿ ಸಮ ಆಗತ್ತೆ." ಹುರಿಯನ್ನು ಮಾತ್ರ ಅವನು ಕಟ್ಟಲಿಲ್ಲ. ಡೆಲ್ಮರನ ಕೈಗೆ ಕೊಟ್ಟು ಸುಮ್ಮನೆ ನಿಂತ. ಡೆಲ್ಮರ್ ಕಟ್ಟಿದ. ಓಪಲ್ ಬಂದು ಎಳೆದು ನೋಡಿದಳು. ಒಮ್ಮೆ ಎಳೆದದ್ದು ಸಾಲದೆಂದು ಮತ್ತೊಮ್ಮೆ ಎಳೆದಳು.

ಅವನು ಹತ್ತಿದ. ಹತ್ತಡಿಯಲ್ಲಿ ನಿಂತು ಕಣ್ಣು ಮುಚ್ಚಿದ. ಕೆಳಗಿನಿಂದ ಹೋಬಾರ್ಟ್, "ಇಲ್ಲೇ ಇದೀನಿ," ಎಂದ. ಅಷ್ಟೇ. ಡೆಲ್ಮರ್ ಹದಿನೆಂಟು ಅಡಿಯವರೆಗೆ ಹೋಗಿ, ಕೂತು, ಬೇಕೆಂದೇ ಎರಡೂ ಕಾಲು ಎತ್ತಿದ. ಕೆಳಗಿನ ತುಂಡು ಜಗ್ಗಿ, ಹುರಿಗೆ ಜೋತುಬಿದ್ದು, ಅಲ್ಲೇ ನಿಂತಿತು.

ಡೆಲ್ಮರ್ ಇಳಿದುಬರುವಾಗ ಎಸ್ಟಿಲ್ ಹೋಬಾರ್ಟನ ಪಕ್ಕಕ್ಕೆ ಬಂದು ಕೆಮ್ಮಿದ. "ನಿನ್ನ ಬೇಲಿ ಹತ್ರ ನಂದೊಂದು ಇಟ್ಟುಹೋಗಿದ್ದೆ. ವಾಪಸ್ ಕೊಡ್ತೀಯೇನಪ್ಪ?"

"ಕೊಟ್ಟಿಗೆಲಿದೆ. ಆರಕ್ಕೂ ಎಣ್ಣೆ ಸವರಿಟ್ಟಿದೀನಿ. ಮಳೇಲಿ ನಿಂತ್ರೆ ತುಕ್ಕು ಹಿಡಿಯತ್ತೆ, ಪಾಪ."

ಕಥೆ ಇಲ್ಲಿಗೆ ಮುಗಿಯಿತೆಂದು ಲೂಲಾ ತಮ್ಮ ಮುಂದಿದ್ದ ಜೋಳದ ರೊಟ್ಟಿಯ ಚೂರುಗಳನ್ನು ತಟ್ಟೆಗೆ ಗುಡಿಸಿದರು. ಊರಿಗೆ ಹೊಸದಾಗಿ ಬಂದ ಹೆಂಗಸೊಬ್ಬಳು ಕೇಳಿದಳು: "ಆ ವರ್ಷ ಅವನಿಗೆ ಜಿಂಕೆ ಸಿಕ್ತಾ?"

"ಸಿಕ್ತು. ಒಂದು ಹೆಣ್ಣು. ಬಿಲ್ಲೆ ಹಾಕಿದ್ದು ನಾನೇ. ಅಲ್ಲೇ ನಿಂತು ಬೆನ್ನಿನ ಮೆತ್ತನೆ ಮಾಂಸ ಎರಡೂ ಪಾಲು ಬೇರೆ ಮಾಡಿ ಹೋಬಾರ್ಟ್ ಮನೆಗೆ ಕಳಿಸಿದ. ಈಗ್ಲೂ ವರ್ಷವರ್ಷ ಕಳಿಸ್ತಾನೆ. ಹೋಬಾರ್ಟ್ ಹೆಂಡತಿ ಈರುಳ್ಳಿ ಹಾಕಿ ಹುರಿದು, ಡೆಲ್ಮರ್, ಓಪಲ್ ಇಬ್ಬರನ್ನೂ ಊಟಕ್ಕೆ ಕರೀತಾಳೆ."

"ಪ್ರತಿ ವರ್ಷ ಇದೇ ಕಥೆ ಹೇಳ್ತೀರಲ್ಲ ಲೂಲಕ್ಕ, ಬೇಜಾರಾಗಲ್ವಾ?" ಎಂದು ಪಾತ್ರೆ ತೊಳೆಯುತ್ತಿದ್ದವರಲ್ಲೊಬ್ಬರು ಕೂಗಿದರು.

ಲೂಲಾ ತಟ್ಟೆಯನ್ನು ಪಕ್ಕಕ್ಕಿಟ್ಟರು. "ಹೋಬಾರ್ಟ್ ಅಟ್ಟಣೆ ಕೆಟ್ಟದ್ದು ಅನ್ನೋ ಮಾತು ಊರೆಲ್ಲ ಹೇಗೆ ಹಬ್ತು ಅಂದ್ಕೊಂಡ್ರಿ? ಆ ಬಾಗಿಲಲ್ಲಿ ಕೂತು, ಬಿಲ್ಲೆ ಹಾಕಿಸ್ಕೊಳ್ಳೋಕೆ ಬಂದವರಿಗೆಲ್ಲ ಹೇಳಿದವಳು ನಾನು. ಹೋಗಿ ಹೋಬಾರ್ಟ್ ಹತ್ರ ಅದನ್ನ ಒಪ್ಕೊಂಡಾಗ ಅವನು, ಹಾಗಾದ್ರೆ ಇದನ್ನೂ ಅಷ್ಟು ಜನಕ್ಕೆ ಹೇಳಿಬಿಡಕ್ಕ, ಅಂದ. ಬೇರೇನೂ ಅನ್ನಲಿಲ್ಲ, ಪುಣ್ಯಾತ್ಮ. ಅಷ್ಟು ಜನ ಇನ್ನೂ ಆಗಿಲ್ಲ."

ಯಾರೋ ದೀಪವೊಂದನ್ನು ಆರಿಸಿದರು. ಜನ ಕುರ್ಚಿಗಳನ್ನು ಮಡಿಸಿ ಗೋಡೆಗೆ ಒರಗಿಸಿದರು. ತಮ್ಮ ತಮ್ಮ ಪಾತ್ರೆಗಳನ್ನು ಗುರುತು ಹಿಡಿದು ಎತ್ತಿಕೊಂಡರು. ಉಳಿದ ಪರ್ಸಿಮನ್ ಹಣ್ಣಿನ ಕಡುಬನ್ನು ಲೂಲಾ ಆ ಹೊಸ ಹೆಂಗಸಿನ ಕೈಗೆ ಕೊಟ್ಟರು. ಒಬ್ಬೊಬ್ಬರೇ ಕೋಟು ತೊಟ್ಟು, ಬರುತ್ತೇವೆಂದು ಹೇಳಿ, ಮನೆಗೆ ಹೊರಟರು.