ಏಕಾಂತಯ್ಯನ ಅಂಗಡಿಯಲ್ಲಿ ಮಾರಾಟಕ್ಕಿಲ್ಲದ ಚೀಲ

ಮಳೆಗಾಲ ಶುರುವಾಯಿತೆಂದರೆ ಹೆಗ್ಗದ್ದೆ ಕಡೆಯ ಸಂಜೆ ಬಸ್ಸನ್ನು ನಂಬುವ ಹಾಗಿಲ್ಲ. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಒಂದು ದಿನ ಮರ ಬಿದ್ದಿರುತ್ತದೆ, ಇನ್ನೊಂದು ದಿನ ರಸ್ತೆ ಬದಿಯ ಮಣ್ಣಿನ ಧರೆ ಜರಿದಿರುತ್ತದೆ, ಮತ್ತೊಂದು ದಿನ ಆನೆಗಳು ರಸ್ತೆಯಲ್ಲೇ ನಿಂತಿರುತ್ತವೆ. ಬೆಳಿಗ್ಗೆ ಹೊರಟವರು ಸಂಜೆ ಮನೆ ಸೇರುವುದು ಹೇಗೆ ಎಂಬ ಚಿಂತೆ ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದೆ. ಆ ಚಿಂತೆ ಇಲ್ಲದಿದ್ದವರು ಒಬ್ಬರೇ, ನಮ್ಮ ಏಕಾಂತಯ್ಯ.

ಏಕಾಂತಯ್ಯನವರಿಗೆ ಸಕಲೇಶಪುರದ ಬಸ್ ಸ್ಟ್ಯಾಂಡ್ ಹತ್ತಿರ ಅಂಗಡಿ. ಹಗ್ಗ, ಗೋಣಿಚೀಲ, ಟಾರ್ಪಾಲು, ರೈನ್‌ಕೋಟು, ಟಾರ್ಚು ಮಾರುತ್ತಾರೆ. ಮನುಷ್ಯ ಒಳ್ಳೆಯವರು, ಬಾಯಿ ಮಾತ್ರ ಸ್ವಲ್ಪ ಜೋರು. ಕೆಲವು ವರ್ಷಗಳಿಂದ ಸಕ್ಕರೆ ಕಾಯಿಲೆ ಬೇರೆ. ಮಾತ್ರೆ ತಪ್ಪಿಸುವುದಿಲ್ಲ, ಊಟ ತಪ್ಪಿಸುತ್ತಾರೆ. ಗಿರಾಕಿ ಎದುರಿಗೆ ನಿಂತಿರುವಾಗ ಬುತ್ತಿ ಬಿಚ್ಚಲು ಅವರಿಗೆ ಮನಸ್ಸು ಬಾರದು.

ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯಲ್ಲಿ ಒಂದು ಮೊಳೆ ಇದೆ. ಧರ್ಮಸ್ಥಳದ ಸ್ವಾಮಿಗೆ ಹರಕೆ ಹೊತ್ತು, ಅರಿಶಿನದ ಬಟ್ಟೆಯಲ್ಲಿ ಕಟ್ಟಿದ ಮುಡಿಪು ಆ ಮೊಳೆಗೆ ನೇತಾಡುತ್ತಿರುತ್ತದೆ. ಚಿಲ್ಲರೆಗೆ ಎಷ್ಟೇ ಪರದಾಡಿದರೂ ಏಕಾಂತಯ್ಯನವರು ಆ ಗಂಟಿಗೆ ಕೈ ಹಾಕಿದವರಲ್ಲ.

ಜೂನ್ ತಿಂಗಳ ಒಂದು ಭಾನುವಾರ ಅವರ ಹೆಂಡತಿ ಪಂಕಜಾಕ್ಷಿ ಮಗಳ ಹಳೆಯ ಸ್ಕೂಲ್ ಬ್ಯಾಗನ್ನು ಒಗೆದು ಒಣಗಿಸಿ, ನಡುಮನೆಯಲ್ಲಿ ಸಾಮಾನು ಹರವಿಕೊಂಡು ಕೂತಿದ್ದರು.

"ಏನೇ ಇದು? ಯಾವೂರಿಗೆ ಪಯಣ?" ಎಂದರು ಏಕಾಂತಯ್ಯ.

"ನಂಗಲ್ಲ, ನಿಮಗೆ. ಬಸ್ಸು ಅರ್ಧ ದಾರೀಲಿ ನಿಂತ್ರೆ ನಡ್ಕೊಂಡು ಮನೆ ಸೇರಕ್ಕೆ. ಸಂಘದ ಮೀಟಿಂಗಲ್ಲಿ ಹೇಳಿಕೊಟ್ರು. ದಾರಿ ಚೀಲ ಅಂತ."

"ನಾನೇನು ಶಬರಿಮಲೆಗೆ ಹೊಂಟಿದ್ದೀನೇನೆ, ಇರುಮುಡಿ ಕಟ್ಟಕ್ಕೆ?"

ಅಷ್ಟು ಹೊತ್ತಿಗೆ ಪಕ್ಕದ ಮನೆಯ ಗಂಗಾಮಣಿ ಹೆಪ್ಪಿಗೆ ಒಂಚೂರು ಮೊಸರು ಕೇಳಿಕೊಂಡು ಬಂದಳು. ಸಕಲೇಶಪುರದಲ್ಲಿ ಹೊಲಿಗೆ ಅಂಗಡಿ ಇಟ್ಟಿರುವವಳು, ದಿನಾ ಅದೇ ಬಸ್ಸಿನಲ್ಲಿ ಓಡಾಡುವವಳು. ನೆಲದ ಮೇಲಿನ ರಾಶಿ ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ. ಕಂಬಳಿ, ಎರಡು ಜೊತೆ ಬಟ್ಟೆ, ಉಪ್ಪಿನಕಾಯಿ ಜಾಡಿ, ಡಬ್ಬಿ ತುಂಬಾ ಹಲಸಿನ ತೊಳೆ!

"ಅಯ್ಯೋ ಪಂಕಜಕ್ಕ, ಇದನ್ನ ಹೊರಕ್ಕೆ ಒಂದು ಕತ್ತೆ ಬೇಕು ಕಣಕ್ಕ!"

"ಹುಡುಕೋದ್ಯಾಕೆ, ಇಲ್ಲೇ ಐತಲ್ಲ," ಎಂದು ಏಕಾಂತಯ್ಯ ತಮ್ಮ ಎದೆಯನ್ನೇ ತೋರಿಸಿಕೊಂಡರು.

ಗಂಗಾಮಣಿ ಕೂತು ಒಂದೊಂದೇ ತೆಗೆದಿಟ್ಟಳು. "ಹಗುರ ಇರ್ಬೇಕು ಅಕ್ಕ. ಮನೆ ಬಿಟ್ಟು ಹೋಗೋ ಗಂಟಲ್ಲ ಇದು, ಮನೆಗೆ ಬರೋ ಗಂಟು. ಹಲಸಿನ ಹಣ್ಣಂತೂ ಬ್ಯಾಡವೇ ಬ್ಯಾಡ. ಅದರ ವಾಸ್ನೆಗೆ ಆನೆ ಅಣ್ಣನ ಹಿಂದೇನೆ ಬಂದ್ಬುಡ್ತದೆ."

ಕೊನೆಗೆ ಬ್ಯಾಗಿಗೆ ಹೋದದ್ದು ಇಷ್ಟು: ಟಾರ್ಚು, ಬೇರೆ ಸೆಲ್ಲು, ರೈನ್‌ಕೋಟು, ನೀರಿನ ಬಾಟಲಿ, ಬಿಸ್ಕತ್ತು, ಹುರಿಗಡಲೆ, ಒಂದು ದಿನದ ಮಾತ್ರೆ. ಜಾರದ ಹಾಗೆ ಹಿಡಿತವಿರುವ ಹಳೆಯ ಬೂಟು. ಜಿಗಣೆ ಹತ್ತಿದರೆ ಹಾಕಲು ಬಟ್ಟೆಯಲ್ಲಿ ಕಟ್ಟಿದ ಉಪ್ಪು. ನೆನೆಯದ ಹಾಗೆ ಪ್ಲಾಸ್ಟಿಕ್ ಕವರಿನಲ್ಲಿ ಮನೆಯವರ ಫೋನ್ ನಂಬರು. ಜಿಪ್ಪಿಗೆ ದಾರದಲ್ಲಿ ಒಂದು ಸೀಟಿ. ಆಮೇಲೆ ಗಂಗಾಮಣಿ ಸಕ್ಕರೆ ಪೊಟ್ಟಣ ಇಟ್ಟಳು ನೋಡಿ, ಏಕಾಂತಯ್ಯ ಹಾರಿಬಿದ್ದರು.

"ಶುಗರ್ ಇರೋನಿಗೆ ಸಕ್ಕರೆನಾ? ನನ್ನ ಬೇಗ ಸಾಗಹಾಕಣ ಅಂತ ಇಬ್ರೂ ಮಾತಾಡ್ಕಂಡಿದ್ದೀರೋ ಹೆಂಗೆ?"

"ಮಾತ್ರೆ ನುಂಗಿ, ಊಟ ಬಿಟ್ಟು, ಮ್ಯಾಲೆ ನಡೆದ್ರೆ ಶುಗರ್ ಇಳಿದುಬುಡ್ತದೆ ಅಣ್ಣ. ಏರಿದ್ರೆ ನಿಧಾನಕ್ಕೆ ಕಾಡ್ತದೆ, ಇಳಿದ್ರೆ ನಿಂತಲ್ಲೇ ಬೀಳಿಸ್ತದೆ. ಆಸ್ಪತ್ರೆ ನರ್ಸಮ್ಮ ಹೇಳಿದ್ದು ಇದು. ಬೆವರು, ಕೈಕಾಲು ನಡುಕ, ಸುಮ್‌ಸುಮ್ನೆ ಸಿಟ್ಟು ಬಂತಾ, ಎಚ್ಚರ ಇದ್ದಂಗೇ ಸಕ್ಕರೆ ನೀರು ಕುಡೀಬೇಕು."

"ಸಿಟ್ಟು ಇವ್ರಿಗೆ ದಿನಾ ಬತ್ತದಲ್ಲ, ಹೆಂಗೆ ಗೊತ್ತು ಮಾಡದು?" ಎಂದರು ಪಂಕಜಾಕ್ಷಿ. ಮೂವರೂ ನಕ್ಕರು.

ಏಕಾಂತಯ್ಯನವರು ನಗುತ್ತಲೇ ಬ್ಯಾಗು ಒಪ್ಪಿಕೊಂಡರು. ಬೆಳಿಗ್ಗೆ ಹೆಗಲಿಗೆ ಹಾಕಿಕೊಂಡು ಹೋಗಿ, ಮುಡಿಪಿನ ಪಕ್ಕ ಅದೇ ಮೊಳೆಗೆ ನೇತುಹಾಕುವುದು, ಸಂಜೆ ಹೆಗಲಿಗೆ ಹಾಕಿಕೊಂಡು ಮನೆಗೆ ಬರುವುದು. ಪಂಕಜಾಕ್ಷಿಗೆ ಸಮಾಧಾನವಾಯಿತು.

ಆದರೆ ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ವ್ಯಾಪಾರಿಯ ಕಣ್ಣಿಗೆ ಅಂಗಡಿಯೊಳಗೆ ಇರುವುದೆಲ್ಲ ಸರಕೇ. ಒಂದು ದಿನ ಜಡಿಮಳೆ. ಗಿರಾಕಿಯೊಬ್ಬ ರೈನ್‌ಕೋಟು ಕೇಳಿದ. ಅಂಗಡಿಯ ರೈನ್‌ಕೋಟೆಲ್ಲ ಖರ್ಚಾಗಿತ್ತು. ಬಂದ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸುವುದೇ? ಬ್ಯಾಗಿನಿಂದ ತೆಗೆದು ಕೊಟ್ಟುಬಿಟ್ಟರು. 'ನಾಳೆ ಹೊಸದು ಬಂದಾಗ ಇಟ್ಟರಾಯಿತು' ಅಂದುಕೊಂಡರು. ಕರೆಂಟು ಹೋದ ದಿನ ಟಾರ್ಚಿನೊಳಗಿನದೂ ಸೇರಿ ಎಲ್ಲಾ ಸೆಲ್ಲು ಮಾರಿದರು. ಬೂಟನ್ನು ಎಸ್ಟೇಟಿನ ಲೆಕ್ಕ ಬರೆಯುವ ರೈಟರು ನೋಡಿ ಕೇಳಿದ, ಅದೂ ಹೋಯಿತು. ಪಕ್ಕದ ಟೀ ಅಂಗಡಿಯ ಧರ್ಮನಿಗೆ ಸಕ್ಕರೆ ತೀರಿದಾಗ ಪೊಟ್ಟಣ ಎಸೆದರು, "ತಗಳಪ್ಪ, ಕಾಯಿಲೆಯವನ ಹತ್ರ ಯಾಕೆ ಅದು!" ಟೀ ಜೊತೆಗೆ ಬಿಸ್ಕತ್ತು, ಹುರಿಗಡಲೆ ಅವರೇ ತಿಂದರು. ನೀರಿನ ಬಾಟಲಿ, ಉಪ್ಪು ಕೂಡ ಹೀಗೇ ಯಾರ್ಯಾರಿಗೋ ಹೋದವು. ಜುಲೈ ಬರುವ ಹೊತ್ತಿಗೆ ಬ್ಯಾಗು ಜೋತುಬಿದ್ದಿತ್ತು. ಹೆಂಡತಿ ನೋಡಿದರೆ ಕಷ್ಟ ಎಂದು ಎರಡು ಹಳೆಯ ಗೋಣಿಚೀಲ ಮಡಚಿ ಒಳಗೆ ತುರುಕಿದರು.

"ಬ್ಯಾಗಲ್ಲಿ ಎಲ್ಲಾ ಐತೇನ್ರೀ?" ಎಂದು ಪಂಕಜಾಕ್ಷಿ ಕೇಳಿದರೆ, "ತುಂಬೈತೆ ಕಣೆ, ನೋಡು ಹೆಂಗೆ ಉಬ್ಬೈತೆ!" ಎನ್ನುತ್ತಿದ್ದರು.

ಆ ದಿನವೂ ಬಂತು. ಬೆಳಿಗ್ಗೆಯಿಂದ ಟಾರ್ಪಾಲಿಗೆ ಜನ ಮುತ್ತಿಕೊಂಡಿದ್ದರು. ಏಕಾಂತಯ್ಯ ಮಾತ್ರೆ ನುಂಗಿದರು, ಊಟಕ್ಕೆ ಪುರುಸೊತ್ತಾಗಲಿಲ್ಲ. ಬಸ್ಸಿನ ಹಾರ್ನ್ ಕೇಳಿ ಓಡುವಾಗ ಬುತ್ತಿಯೂ ಅಂಗಡಿಯಲ್ಲೇ ಉಳಿಯಿತು.

ಊರು ಇನ್ನೂ ಏಳೆಂಟು ಕಿಲೋಮೀಟರ್ ಇದೆ ಎನ್ನುವಾಗ ಬಸ್ಸು ನಿಂತಿತು. ರಸ್ತೆಗೆ ಅಡ್ಡಲಾಗಿ ದೊಡ್ಡ ಮರ ಬುಡಮೇಲಾಗಿ ಬಿದ್ದಿತ್ತು. "ಮುಂದಕ್ಕೆ ಹೋಗಲ್ಲ. ಸಕಲೇಶಪುರಕ್ಕೆ ವಾಪಸ್ ಬರೋರು ಕೂತ್ಕಳಿ," ಎಂದ ಕಂಡಕ್ಟರ್. ದೂರದವರು ಕೂತರು. ಅದೇ ಬಸ್ಸಿನಲ್ಲಿದ್ದ ಗಂಗಾಮಣಿ ಮೊದಲು ಸಿಗ್ನಲ್ ಇರುವ ಜಾಗ ನೋಡಿ ಮನೆಗೂ ಪಂಕಜಾಕ್ಷಿಗೂ ಫೋನ್ ಮಾಡಿದಳು. "ಇನ್ನೂ ಬೆಳಕೈತೆ, ಜೊತೆಗೆ ಜನ ಅವ್ರೆ. ಕತ್ತಲಾಗಿದ್ರೆ ನಾನೂ ವಾಪಸ್ ಹೋಗ್ತಿದ್ದೆ," ಎಂದಳು. ಎಸ್ಟೇಟ್ ಕೂಲಿ ಲೈನಿನ ಮನೆಗಳ ನಾಲ್ಕೈದು ಮಂದಿ, ಗಂಗಾಮಣಿ, ಏಕಾಂತಯ್ಯ, ಇಷ್ಟೂ ಜನ ತಂತಿ ಏನಾದರೂ ಬಿದ್ದಿದೆಯಾ ಎಂದು ನೋಡಿಕೊಂಡು, ಮರದ ಬುಡ ಬಳಸಿ ಆಚೆ ದಾಟಿದರು.

"ಅಂತೂ ಬ್ಯಾಗು ತಂದಿದ್ದೀರಲ್ಲಣ್ಣ. ಪಂಕಜಕ್ಕ ಗೆದ್ದುಬುಟ್ರು!" ಎಂದಳು ಗಂಗಾಮಣಿ.

ಏಕಾಂತಯ್ಯನವರು ಬ್ಯಾಗನ್ನು ಇನ್ನೊಂದು ಹೆಗಲಿಗೆ ಸರಿಸಿಕೊಂಡರು. ಒಳಗಿರುವುದು ಗೋಣಿಚೀಲ ಎಂದು ಯಾವ ಬಾಯಲ್ಲಿ ಹೇಳುವುದು? "ಹೂಂ," ಎಂದು ಮುಂದೆ ನಡೆದರು.

ಹವಾಯಿ ಚಪ್ಪಲಿ ಕೆಸರಲ್ಲಿ ಜಾರುತ್ತಿತ್ತು. ಒಂದಿಷ್ಟು ದೂರ ಹೋಗುವುದರಲ್ಲಿ ಕಾಲಿಗೆ ಜಿಗಣೆ. ಹನಿ ಮಳೆ, ಚಳಿಗಾಳಿ, ಆದರೂ ಹಣೆಯಲ್ಲಿ ಬೆವರು. ಮುಂದಿನ ತಿರುವಿನಲ್ಲಿ ಕಾಫಿ ತೋಟದೊಳಗೆ ಇಳಿಯುವ ಕಾಲುದಾರಿ ಕಂಡಿತು.

"ಒಳದಾರೀಲಿ ಇಳಿಯಣ, ಅರ್ಧ ದಾರಿ ಉಳೀತದೆ."

"ಬ್ಯಾಡಣ್ಣ. ಆ ತೋಟದಲ್ಲಿ ಆನೆ ಅವೆ ಅಂತ ಫಾರೆಸ್ಟ್‌ನೋರು ಮಧ್ಯಾಹ್ನಾನೇ ಮೆಸೇಜ್ ಕಳ್ಸವ್ರೆ. ಸುತ್ತಾದ್ರೂ ಟಾರ್ ರೋಡೇ ಸೈ."

ಏಕಾಂತಯ್ಯನವರಿಗೆ ಎಲ್ಲಿತ್ತೋ ಸಿಟ್ಟು! "ನಾನು ಹುಟ್ಟಿ ಬೆಳೆದ ದಾರಿ ಕಣಮ್ಮ ಇದು! ನಂಗೆ ನೀನು ದಾರಿ ಹೇಳ್ತೀಯಾ? ನಿಮ್ಮ ಪಾಡಿಗೆ ನೀವು ಹೋಗಿ!" ಎಂದು ಕೂಗಾಡಿ, ತಡೆಯಲು ಬಂದವರ ಕೈ ಕೊಸರಿಕೊಂಡು ತೋಟದೊಳಗೆ ಇಳಿದೇಬಿಟ್ಟರು.

ಮರಗಳ ನೆರಳಿಗೆ ಒಳಗೆ ಆಗಲೇ ಮಬ್ಬುಗತ್ತಲು. ಸ್ವಲ್ಪ ದೂರ ಹೋದರು, ಅಷ್ಟೇ. ಮೊಣಕಾಲು ಗಡಗಡ ನಡುಗಿತು, ಕಣ್ಣು ಮಂಜಾಯಿತು. ಒಂದು ಸಿಲ್ವರ್ ಓಕ್ ಮರದ ಬುಡದಲ್ಲಿ ಕುಸಿದು ಕೂತರು. ಆಗ ನೆನಪಾಯಿತು: ಬೆವರು, ನಡುಕ, ಸುಮ್‌ಸುಮ್ನೆ ಸಿಟ್ಟು. ಬ್ಯಾಗಿಗೆ ಕೈ ಹಾಕಿದರು. ಗೋಣಿಚೀಲ ಸಿಕ್ಕಿತು. ಇನ್ನೂ ಕೆಳಗೆ ತಡಕಾಡಿದರು. ಮತ್ತೊಂದು ಗೋಣಿಚೀಲ. ಸೆಲ್ಲಿಲ್ಲದ ಟಾರ್ಚು ಒತ್ತಿದರೆ ಬರೀ ಟಿಕ್ ಅಂದಿತು. ಕೂಗೋಣವೆಂದರೆ ದನಿಯೇ ಏಳಲಿಲ್ಲ. 'ಅಯ್ಯೋ ಶಿವನೇ, ನನ್ನ ಜೀವವನ್ನೇ ಗಿರಾಕಿಗೆ ತೂಗಿ ಕೊಟ್ಟುಬಿಟ್ಟೆನಲ್ಲ' ಎಂದು ಕಣ್ಣಲ್ಲಿ ನೀರು ಬಂತು. ಬಾಗಿಲಲ್ಲಿ ಕಾಯುತ್ತಿರುವ ಪಂಕಜಾಕ್ಷಿಯ ಮುಖ ಕಣ್ಣ ಮುಂದೆ ಬಂತು.

ಕೈ ಜಾರುವಾಗ ಬೆರಳಿಗೆ ಏನೋ ತಾಗಿತು. ಜಿಪ್ಪಿಗೆ ಕಟ್ಟಿದ್ದ ಸೀಟಿ! ಯಾವ ಗಿರಾಕಿಯೂ ಕೇಳಿರಲಿಲ್ಲವಲ್ಲ, ಅದಕ್ಕೆ ಉಳಿದಿತ್ತು. ಇದ್ದ ಉಸಿರನ್ನೆಲ್ಲ ಕೂಡಿಸಿ ಊದಿದರು. ಮತ್ತೆ ಊದಿದರು.

ಗಂಗಾಮಣಿಗೆ ಏಕಾಂತಯ್ಯನ ಆ ಸಿಟ್ಟು ನೋಡಿಯೇ ಅನುಮಾನ ಬಂದಿತ್ತು. ಅವಳು ಲೈನಿನವರೊಡನೆ ತಿರುವಿನಲ್ಲೇ ನಿಂತಿದ್ದಳು. ಸೀಟಿ ಕೇಳಿದ್ದೇ ತಡ, ಎಲ್ಲರೂ ಟಾರ್ಚು ಬಿಟ್ಟುಕೊಂಡು ಓಡಿಬಂದರು. ಗಂಗಾಮಣಿ ತನ್ನ ಬ್ಯಾಗಿನ ಸಕ್ಕರೆಯನ್ನು ಬಾಟಲಿಯ ನೀರಿಗೆ ಸುರಿದು, ಅಲ್ಲಾಡಿಸಿ, "ಕುಡೀರಿ ಅಣ್ಣ, ನಿಧಾನ," ಎಂದು ಕುಡಿಸಿದಳು. ಇಬ್ಬರು ಹೆಗಲು ಕೊಟ್ಟು ರಸ್ತೆಗೆ ಕರೆತಂದು ಮೋರಿಯ ಕಟ್ಟೆ ಮೇಲೆ ಕೂರಿಸಿದರು. ಕಾಲು ಗಂಟೆಯಲ್ಲಿ ನಡುಕ ನಿಂತಿತು, ಕಣ್ಣು ತಿಳಿಯಾಯಿತು. ಮೇಲೆ ಬಿಸ್ಕತ್ತು ತಿನ್ನಿಸಿದಳು. ಮೈ ಸರಿಹೋಗುವ ತನಕ ಯಾರೂ ಏಳಲು ಬಿಡಲಿಲ್ಲ.

"ನಿಮ್ಮ ಬ್ಯಾಗಲ್ಲಿ ಸಕ್ಕರೆ ಇತ್ತಲ್ಲ ಅಣ್ಣ?"

"ಇತ್ತು ಕಣಮ್ಮ," ಎಂದು ತಲೆ ತಗ್ಗಿಸಿದರು ಏಕಾಂತಯ್ಯ. "ಎಲ್ಲಾ ಮಾರಿ, ಕೊಟ್ಟು ಖಾಲಿ ಮಾಡ್ಕಂಡುಬುಟ್ಟೆ."

ಎಲ್ಲರೂ ಗುಂಪಾಗಿ, ಮಾತಾಡಿಕೊಂಡು, ಟಾರ್ ರೋಡಿನಲ್ಲೇ ನಡೆದು ಊರು ಸೇರಿದರು. ಪಂಕಜಾಕ್ಷಿ ಬಾಗಿಲಲ್ಲೇ ನಿಂತಿದ್ದರು. ಏಕಾಂತಯ್ಯ ಒಂದನ್ನೂ ಮುಚ್ಚಿಡದೆ ಹೇಳಿದರು, ಗೋಣಿಚೀಲವನ್ನೂ ತೆಗೆದು ಮುಂದಿಟ್ಟರು. ಬೈಗುಳಕ್ಕೆ ಕಾಯುತ್ತಿದ್ದರು. ಪಂಕಜಾಕ್ಷಿ ಬೈಯಲಿಲ್ಲ, ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟರು. ಆಮೇಲೆ ಕಣ್ಣೊರೆಸಿಕೊಂಡು ಕೇಳಿದರು.

"ಅಂಗಡೀಲಿ ಅದೇ ಮೊಳೆಗೆ ಮುಡಿಪು ಐತಲ್ಲ, ಅದಕ್ಕೆ ಒಂದಿನಾದ್ರೂ ಕೈ ಹಾಕಿದ್ರಾ?"

"ಶಿವ ಶಿವಾ! ದೇವರ ಮುಡಿಪಿಗೆ ಕೈ ಹಾಕೋರುಂಟಾ?"

"ಮತ್ತೆ ನೀವು ಮನೆ ಸೇರೋದು ನಂಗೆ ಹರಕೆ ಅಲ್ವೇನ್ರೀ? ದಿನಾ ಸಂಜೆ ದೀಪ ಹಚ್ಚಿ ನಾನು ಬೇಡ್ಕಳದು ಇನ್ನೇನನ್ನ?"

ಏಕಾಂತಯ್ಯನವರು ಆ ಗೋಣಿಚೀಲಗಳನ್ನು ಮೂಲೆಗೆ ಎಸೆದು, ಖಾಲಿ ಬ್ಯಾಗನ್ನು ಹೆಂಡತಿಯ ಕೈಗಿಟ್ಟರು.

ಮರುದಿನ ಇಬ್ಬರೂ ಕೂತು ಬ್ಯಾಗು ತುಂಬಿದರು. ಪಂಕಜಾಕ್ಷಿ ಬಿಳಿ ಬಟ್ಟೆಯ ಚೂರೊಂದನ್ನು ಅರಿಶಿನದಲ್ಲಿ ಅದ್ದಿ ಒಣಗಿಸಿ, ಜಿಪ್ಪಿಗೆ ಬಿಗಿಯಾಗಿ ಗಂಟು ಹಾಕಿದರು. ದಾರಿ ನಿಂತ ದಿನ ಬಿಚ್ಚಬೇಕು. ಇಲ್ಲವೇ ಅಮಾವಾಸ್ಯೆ ದಿನ ಅಂಗಡಿ ಪೂಜೆಯಾದ ಮೇಲೆ ಬಿಚ್ಚಿ, ಮಾತ್ರೆಯ ತಾರೀಕು, ಟಾರ್ಚಿನ ಬೆಳಕು, ಬಿಸ್ಕತ್ತು ನೋಡಿ, ಹಳೆಯದು ಬದಲಿಸಿ, ಮತ್ತೆ ಕಟ್ಟಬೇಕು. ಮಿಕ್ಕ ದಿನ ಅದಕ್ಕೆ ಕೈ ಹಾಕುವಂತಿಲ್ಲ. ಮಧ್ಯಾಹ್ನದ ಊಟವನ್ನಂತೂ ಈಗ ಏಕಾಂತಯ್ಯ ಗಿರಾಕಿ ಎದುರಿಗೇ ಕೂತು ಮಾಡುತ್ತಾರೆ.

ಮೊನ್ನೆ ಮಳೆಯಲ್ಲಿ ಒಬ್ಬ ಗಿರಾಕಿ ಬಂದ. ರೈನ್‌ಕೋಟು ಮತ್ತೆ ಖಾಲಿ. "ಆ ಬ್ಯಾಗಿನ ಸೈಡ್ ಜೇಬಿಂದ ರೈನ್‌ಕೋಟು ಇಣುಕ್ತಾ ಐತಲ್ಲ, ಅದನ್ನೇ ಕೊಡಿ ಯಜಮಾನ್ರೇ. ದುಡ್ಡು ಬೇಕಾದ್ರೆ ಜಾಸ್ತಿ ತಗಳಿ," ಎಂದ.

ಏಕಾಂತಯ್ಯ ಒಂದು ಗೋಣಿಚೀಲವನ್ನು ಕೊಪ್ಪೆ ಮಾಡಿ ಅವನ ಕೈಗೆ ಕೊಟ್ಟರು. "ಇದನ್ನ ತಲೆ ಮೇಲೆ ಹಾಕ್ಕಂಡು ಹೋಗು ಮಾರಾಯ, ಕಾಸು ಬ್ಯಾಡ. ಆ ಬ್ಯಾಗು ಮಾತ್ರ ಮಾರಾಟಕ್ಕಿಲ್ಲ. ಅದು ನನ್ನ ಹೆಂಡ್ತಿ ಕಟ್ಟಿರೋ ಮುಡಿಪು."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಒಂದು ಹಳೆಯ ಸ್ಕೂಲ್ ಬ್ಯಾಗು ಇದ್ದೇ ಇರುತ್ತದೆ. ಇವತ್ತೇ ಕೆಳಗಿಳಿಸಿ, ಧೂಳು ಕೊಡವಿ. ನಿಮಗೆ ಬೇಕಾದ ಮಾತ್ರೆ, ನೀರು, ಬೆಳಕು, ತಿನ್ನಲು ಒಂದಿಷ್ಟು, ಜಾರದ ಬೂಟು ತುಂಬಿ. ಸೀಟಿ ಮರೆಯಬೇಡಿ. ದಾರಿ ನಿಂತರೆ ಮೊದಲು ಮನೆಗೆ ಫೋನ್ ಮಾಡಿ, ಒಬ್ಬರೇ ಹೊರಡಬೇಡಿ, ಒಳದಾರಿ ಹಿಡಿಯಬೇಡಿ. ಕತ್ತಲಾಗಿದ್ದರೆ ಅದೇ ಬಸ್ಸಿನಲ್ಲಿ ವಾಪಸ್ ಹೋಗಿ, ಬೆಳಿಗ್ಗೆ ಬಂದರೂ ಮನೆಯವರು ಕಾಯುತ್ತಾರೆ. ಬ್ಯಾಗು ತುಂಬಿದ ಮೇಲೆ ಗಟ್ಟಿಯಾಗಿ ಒಂದು ಗಂಟು ಹಾಕಿ. ನೀವು ಮನೆ ಸೇರಲಿ ಎಂದು ಬೇಡಿಕೊಳ್ಳುವವರ ಕೈಯಲ್ಲೇ ಆ ಗಂಟು ಹಾಕಿಸಿ.